ಮೊಳದುದ್ದದ ಆಲಕ್ಕೆ ಓಣಿಯ ಪ್ರದಕ್ಷಿಣೆ

ಶಾಲೆಯಲ್ಲಿ ಸ್ಕೇಲ್ ಇಟ್ಟು ಎಳೆದ ಗೆರೆಯೂ ನನ್ನ ಕೈಯಲ್ಲಿ ಮಲಪ್ರಭೆ ಹೊಳೆಯ ಹಾಗೆ ಬಳುಕುತ್ತಿತ್ತು. ಅಂಥವನು ಸಾಲಾಗಿ ಗಿಡ ಹಚ್ಚಿ ಬೇಲಿ ಮಾಡುವ ಕಸುಬಿಗೆ ಕೈಹಾಕಿದೆ ಅಂದರೆ ನನ್ನ ಧೈರ್ಯವನ್ನು ನೀವೇ ಲೆಕ್ಕ ಹಾಕಿ.

ಇದು ಶುರುವಾದದ್ದು ಬಾಗಲಕೋಟೆಯ ನವನಗರದಲ್ಲಿ. ಯಾವುದೋ ಕಚೇರಿ ಕೆಲಸಕ್ಕೆ ಹೋಗಿದ್ದೆ. ಸಾಹೇಬರು ಊಟಕ್ಕೆ ಹೋಗಿದ್ದರು, ನಾನು ಕಾಂಪೌಂಡಿನಲ್ಲಿ ಕೂತು ಅವರ ಊಟ ಮುಗಿಯುವುದನ್ನೇ ಕಾಯುತ್ತಿದ್ದೆ. ಕಾಲುಹಾದಿಯ ಎರಡೂ ಬದಿಗೆ ಸೊಂಟದೆತ್ತರದ ಹಸಿರು ಬೇಲಿ. ದುಂಡನೆಯ ದಪ್ಪ ಎಲೆ, ಒಂದೊಂದಕ್ಕೂ ಎಣ್ಣೆ ಸವರಿ ಒರೆಸಿದಂಥ ಹೊಳಪು. ಕತ್ತರಿ ಹಿಡಿದಿದ್ದ ಮಾಲಿಯನ್ನು ಕೇಳಿದೆ, ಇದ್ಯಾವ ಗಿಡ ಅಂತ.

"ಫೈಕಸ್ ಅಂತಾರ ತಮ್ಮಾ. ಆಲದ ಜಾತೀನ, ಗಿಡ್ಡ ತಳಿ."

ಆಲ! ನನ್ನ ತಲೆಯಲ್ಲಿದ್ದ ಆಲವೆಂದರೆ ಕೆಳಗೆ ಬಸ್ ನಿಲ್ಲಿಸಿ, ಪಕ್ಕದಲ್ಲಿ ಚಹಾದಂಗಡಿ ಇಟ್ಟು, ಇನ್ನೂ ಜಾಗ ಉಳಿಯುವಂಥದ್ದು. ಅದರ ಅಣ್ಣತಮ್ಮನೊಬ್ಬ ಇಲ್ಲಿ ನನ್ನ ಸೊಂಟಕ್ಕೆ ಬಂದು ನಿಂತು, ತಲೆ ಬಗ್ಗಿಸಿ ಕ್ಷೌರ ಮಾಡಿಸಿಕೊಳ್ಳುತ್ತಿದ್ದಾನೆ! ಬೇಲಿಯಾದರೆ ಬೇಲಿ, ತಟ್ಟೆಯಲ್ಲಿಟ್ಟರೆ ಬೋನ್ಸಾಯ್. ನನಗೆ ಮೈಯೆಲ್ಲ ಜುಮ್ಮೆಂದಿತು. ಸಾಹೇಬರು ಊಟ ಮುಗಿಸಿ ಬಂದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನಾಗಲೇ ನರ್ಸರಿಯಲ್ಲಿದ್ದೆ. ಸಂಜೆಯ ಬಸ್ಸಿಗೆ ಚೀಲದ ತುಂಬ ಸಸಿ, ತೊಡೆಯ ಮೇಲೆ ಬುಡ ಉಬ್ಬಿದ ಒಂದು ಹಳೆಯ ಗಿಡ ಹಿಡಿದು ಇಳಕಲ್ಲಿಗೆ ಬಂದಿಳಿದೆ.

ನಮ್ಮದು ನೇಕಾರರ ಓಣಿ. ಅವ್ವ ಒಳಗೆ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತಾಳೆ. ಅಣ್ಣ ಗೂಡ್ಸ್ ಆಟೊ ಓಡಿಸುತ್ತಾನೆ. ನಾನು ಡಿಗ್ರಿ ಮುಗಿಸಿ, ಏನು ಮಾಡುತ್ತಿದ್ದೀ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಡುತ್ತಿದ್ದೆ. ಮನೆಯ ಮುಂದೆ ಅಗಲವಾದ ಅಂಗಳವಿದೆ. ಅಣ್ಣನಿಗೆ ಅಲ್ಲಿ ತಗಡಿನ ಶೆಡ್ ಹೊಡೆದು ಗಾಡಿ ನಿಲ್ಲಿಸುವ ಆಸೆ, ನನಗೆ ಅಲ್ಲೇ ನರ್ಸರಿ ಮಾಡುವ ಹುಚ್ಚು.

"ಬರೂ ಕಾರಹುಣ್ಣಿಮಿತನಾ ಟೈಮ್ ಕೊಡ್ತೇನಿ," ಅಂದ ಅಣ್ಣ. "ಅಷ್ಟರಾಗ ಹೊರಗಿನವ್ರ ಒಬ್ಬರರ ನಿನಗ ಕೆಲಸ ಕೊಟ್ರ ಅಂಗಳ ನಿಂದು. ಇಲ್ಲಂದ್ರ ನಿನ್ನ ಗಿಡ ಕಿತ್ತು ಒಲಿಗೆ, ನನ್ನ ಗಾಡಿ ನೆಳ್ಳಿಗೆ."

"ಆಗ್ಲಿ ಬಿಡೋ," ಅಂದೆ ನಾನು, ಕೈತುಂಬ ಕೆಲಸ ಇದ್ದವನ ಹಾಗೆ.

ಬೇಲಿ ಹಚ್ಚುವ ಕೆಲಸ ಮರುದಿನವೇ ಶುರುವಾಯಿತು. ನೆಟ್ಟಗೆ ಬರಲಿ ಎಂದು ಹಗ್ಗ ಕಟ್ಟಿದೆ. ಈ ತುದಿ ಗೇಟಿಗೆ. ಆ ತುದಿಗೆ ಗೂಟ ಹುಡುಕಿದರೆ ಸಿಗಲಿಲ್ಲ, ಅಲ್ಲೇ ನಮ್ಮ ಆಡು ಕಲ್ಲಿನ ಹಾಗೆ ಮಲಗಿತ್ತು. ಅದರ ಕೊರಳ ಹಗ್ಗಕ್ಕೇ ನನ್ನ ಹಗ್ಗ ಗಂಟು ಹಾಕಿ, ತಲೆ ಬಗ್ಗಿಸಿ, ಹಗ್ಗದ ಗುಂಟ ಕುಣಿ ತೋಡುತ್ತ ಹೊರಟೆ. ಎಂಥ ಏಕಾಗ್ರತೆ ಅಂತೀರಿ! ಆಡು ಎದ್ದದ್ದು ಗೊತ್ತಾಗಲಿಲ್ಲ. ಅದು ನೆರಳು ಹುಡುಕಿ ಎಡಕ್ಕೆ ಹೋದದ್ದು, ಆಮೇಲೆ ಯಾರೋ ಒಗೆದ ಮೂಲಂಗಿ ಸೊಪ್ಪಿಗಾಗಿ ಬಲಕ್ಕೆ ಬಂದದ್ದು, ಒಂದೂ ಗೊತ್ತಾಗಲಿಲ್ಲ. ಹಗ್ಗ ಎಲ್ಲಿದೆಯೋ ಅಲ್ಲಿ ಕುಣಿ, ಕುಣಿ ಎಲ್ಲಿದೆಯೋ ಅಲ್ಲಿ ಸಸಿ. ಕೊನೆಯ ಸಸಿಗೆ ಮಣ್ಣು ಒತ್ತಿ ಸೊಂಟ ನೆಟ್ಟಗೆ ಮಾಡಿ ತಿರುಗಿ ನೋಡಿದರೆ ನನ್ನ ಬೇಲಿ ಕುಡಿದು ಮನೆಗೆ ಹೊರಟವನ ನಡಿಗೆ!

ಅವ್ವ ಬಾಗಿಲಿಗೆ ಬಂದು ನಿಂತಳು. ಬಹಳ ಹೊತ್ತು ನೋಡಿದಳು.

"ಬೇಲಿ ಆಡು ತಿಂತದ ಅಂತ ಕೇಳಿದ್ನ್ಯೋ ಯಪ್ಪಾ. ಆಡ ಬೇಲಿ ಹಚ್ಚಿದ್ದು ಇವತ್ತ ನೋಡಿದ್ನಿ."

ಕಿತ್ತು ಮತ್ತೆ ಹಚ್ಚೋಣವೆಂದರೆ ಸಸಿಗಳಾಗಲೇ ನೀರು ಕುಡಿದು ನಿಂತಿದ್ದವು. ಬಿಟ್ಟೆ. ಮಳೆ ಬಂತು, ಚಳಿ ಹೋಯಿತು. ಡೊಂಕೋ ನೆಟ್ಟಗೋ, ಸಸಿಗಳು ಮಾತ್ರ ಒಂದಕ್ಕೊಂದು ಹೆಗಲು ಕೊಟ್ಟು ದಟ್ಟವಾಗಿ ಬೆಳೆದವು. ನಾನು ದಿನಾ ಕತ್ತರಿ ಹಿಡಿದು ಅವುಗಳ ತಲೆ ಸಮ ಮಾಡುತ್ತಿದ್ದೆ. ಅದೊಂದೇ ನನಗೆ ನೆಟ್ಟಗೆ ಬಂದದ್ದು.

ಬೋನ್ಸಾಯಿಯ ಕಥೆ ಬೇರೆ. ನನ್ನ ದೋಸ್ತ ಒಬ್ಬ ಗ್ರಾನೈಟ್ ಪಾಲಿಶ್ ಮಾಡುವ ಕಡೆ ಕೆಲಸಕ್ಕಿದ್ದಾನೆ. ಉಳಿದ ಕೆಂಪುಕಲ್ಲಿನ ತುಂಡೊಂದನ್ನು ತಟ್ಟೆಯ ಹಾಗೆ ಕೊರೆದು, ಮುಖ ಕಾಣುವಂತೆ ಪಾಲಿಶ್ ಹೊಡೆದು ತಂದುಕೊಟ್ಟ. ಹಳೆಯ ಗಿಡವನ್ನು ಅದರಲ್ಲಿ ಕೂರಿಸಿದಾಗ ನನಗೆ ಕಣ್ಣೀರೇ ಬಂತು. ವಾರದೊಳಗೆ ಗಿಡಕ್ಕೂ ಬಂತು. ಎಲೆ ಹಳದಿಯಾಗಿ ಉದುರತೊಡಗಿತು. ಪಾಪ, ಬಾಯಾರಿರಬೇಕು ಎಂದು ನೀರು ಹಾಕಿದೆ. ಇನ್ನಷ್ಟು ಉದುರಿತು. ಇನ್ನಷ್ಟು ಹಾಕಿದೆ. ಕೊನೆಗೆ ತಟ್ಟೆಯಲ್ಲಿ ಸೊಳ್ಳೆ ಮರಿ ಈಜುವುದನ್ನು ನೋಡಿ ದೋಸ್ತ ಕೇಳಿದ:

"ತಳಕ್ಕ ತೂತು ಎಲ್ಲಿ ಐತ್ಲೇ?"

"ನೀ ಹಾಕಿಲ್ಲೇನು?"

"ನೀ ಹೇಳಿದ್ದೇನು? ನಾ ನಿಂಗ ಊಟದ ತಾಟು ಬೇಕು ಅಂತ ತಿಳದೀನಿ!"

ತೂತು ಕೊರೆದ ಮೇಲೆ ಗಿಡ ಮತ್ತೆ ಉಸಿರಾಡಿತು. ಬೇಸಿಗೆಗೆ ಹೊಸ ಎಲೆ ಬಂದು, ಕಾಂಡದಿಂದ ಹುರಿಯಂಥ ಬಿಳಲು ಇಳಿದು, ಮೊಳದುದ್ದದ ಅದು ಮುದುಕನ ಗತ್ತಿನಲ್ಲಿ ನಿಂತಿತು. ಬಲಕ್ಕೆ ಚಾಚಿದ ದಪ್ಪ ಟೊಂಗೆಯೇ ಅದರ ಅಂದ.

ಅಷ್ಟರಲ್ಲಿ ಅದೃಷ್ಟ ಒಲಿಯಿತು! ಬಾದಾಮಿಯಲ್ಲಿ ಲಾಡ್ಜ್ ನಡೆಸುವ ಯಜಮಾನರೊಬ್ಬರು ಕೌಂಟರಿಗೆ ಕಲ್ಲು ಕೊಳ್ಳಲು ದೋಸ್ತನ ಕಡೆ ಬಂದಿದ್ದರು. ಲಾಡ್ಜ್ ಮುಂದೆ ಹಸಿರು ಬೇಲಿ ಮಾಡಿಸಬೇಕು, ಕೌಂಟರ್ ಮೇಲಿಡಲು ಒಂದು ಕುಬ್ಜ ಮರ ಬೇಕು ಅಂದರಂತೆ. ದೋಸ್ತ ನನ್ನ ಬೇಲಿಯ ಫೋಟೊ ತೋರಿಸಿದ. ಆ ಫೋಟೊದಲ್ಲಿ ಬೇಲಿ ನೆಟ್ಟಗಿತ್ತು, ಏಕೆಂದರೆ ತೆಗೆಯುವಾಗ ನಾನು ಡೊಂಕಾಗಿದ್ದೆ. ಯಜಮಾನರು ಫೋನ್ ಮಾಡಿದರು.

"ನಾಳೆ ಕಾರಹುಣ್ಣಿಮಿಗೆ ಹುನಗುಂದಕ್ಕ ನಮ್ಮ ಬೀಗರ ಮನಿಗೆ ಬರಾಕತ್ತೀವಿ. ಹಂಗ ನಿಮ್ಮಲ್ಲಿ ಬಂದು ನೋಡ್ತೇನಿ. ಪಸಂದ್ ಬಂದ್ರ ಕೆಲಸ ನಿನಗ."

ನಾನು ಫೋನ್ ಇಟ್ಟು ಅಂಗಳದಲ್ಲಿ ಕುಣಿದೆ. ಆಡೂ ನನ್ನ ಜೊತೆ ಎರಡು ಹೆಜ್ಜೆ ಹಾಕಿತು. ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಗಿಡವನ್ನು ಇನ್ನೂ ಸ್ವಲ್ಪ ಚಂದ ಮಾಡುವ ಉಮೇದಿ! ಫೋನಿನಲ್ಲಿ ನೋಡಿದ ಬೋನ್ಸಾಯ್ ವಿಡಿಯೊದಲ್ಲಿ ಟೊಂಗೆಗೆ ತಂತಿ ಸುತ್ತಿ ಮೆಲ್ಲಗೆ ಬಾಗಿಸುತ್ತಾರೆ. ಅವರದು ಮೆತ್ತನೆಯ ತಂತಿ, ಅವರು ತಿಂಗಳುಗಟ್ಟಲೆ ಕಾಯುತ್ತಾರೆ. ನನ್ನದು ಸೆಂಟ್ರಿಂಗಿನವರು ಕಬ್ಬಿಣದ ಸಳಿ ಕಟ್ಟುವ ಗಡಸು ತಂತಿ, ನನಗೆ ನಾಳೆಯೇ ಬೇಕು. ಬಾಗಿಸಿದೆ. ಇನ್ನೊಂಚೂರು ಬಾಗಿಸಿದೆ.

ಟಕ್!

ಆ ದಪ್ಪ ಟೊಂಗೆ ಬುಡದಲ್ಲೇ ಸೀಳಿ ಜೋತುಬಿತ್ತು. ಒಂದು ಬದಿಯ ತೊಗಟೆಯಷ್ಟೇ ಹಿಡಿದುಕೊಂಡಿತ್ತು. ಸೀಳಿನಿಂದ ಹಾಲು ಬಳಬಳ ಸುರಿಯಿತು. ಬನಿಯನ್ ಬಿಚ್ಚಿ ಒರೆಸಿದೆ, ಬನಿಯನ್ ಅಂಟಿಕೊಂಡಿತು. ಬನಿಯನ್ ಎಳೆದರೆ ಟೊಂಗೆಯೂ ಬರುತ್ತಿತ್ತು. ಕೊನೆಗೆ ಕವಲುಕಡ್ಡಿಯೊಂದನ್ನು ಊರುಗೋಲು ಕೊಟ್ಟು ನಿಲ್ಲಿಸಿ, ಸೀಳು ಕಾಣದ ಹಾಗೆ ಗೋಡೆಗೆ ತಿರುಗಿಸಿಟ್ಟೆ. ಕಸಿ ಕಟ್ಟುವ ಟೇಪ್ ಸಿಕ್ಕರೆ ಬಿಗಿದು ಕಟ್ಟಬಹುದಿತ್ತು. ಇಳಕಲ್ಲಿನ ಅಂಗಡಿಯಲ್ಲಿ ಅದು ಮುಗಿದಿತ್ತು. ಹಬ್ಬದ ದಿನ ಬೆಳಿಗ್ಗೆ ಎದ್ದವನೇ ಹುನಗುಂದದ ಬಸ್ಸು ಹತ್ತಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅಣ್ಣನಿಗೆ ಗೊತ್ತಾದರೆ ಸಂಜೆಯೊಳಗೆ ತಗಡು ಬಂದಿಳಿಯುತ್ತದೆ.

ಹುನಗುಂದದ ಗೊಬ್ಬರದಂಗಡಿ ಹಬ್ಬಕ್ಕೆ ಬಾಗಿಲು ಹಾಕಿತ್ತು. ಮರಳಿ ಬರುವಾಗ ದಾರಿಯುದ್ದಕ್ಕೂ ಎತ್ತುಗಳು. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮೈಮೇಲೆ ಜೂಲು. ಮದುಮಕ್ಕಳ ಠೀವಿಯಲ್ಲಿ ರಸ್ತೆಯ ನಡುವೆ ನಡೆಯುತ್ತಿದ್ದವು. ಡ್ರೈವರ್ ಹಾರ್ನ್ ಹೊಡೆದ. ಒಂದು ಎತ್ತು ತಿರುಗಿ ನೋಡಿತು. ಡ್ರೈವರ್ ಹಾರ್ನ್ ಬಿಟ್ಟ. ನಾನು ಸೀಟಿನ ತುದಿಯಲ್ಲಿ ಕೂತು ಬಸ್ಸನ್ನು ತೊಡೆಯಿಂದಲೇ ಮುಂದೆ ತಳ್ಳುತ್ತಿದ್ದೆ.

ಓಣಿಗೆ ಓಡಿ ಬಂದು ನೋಡುತ್ತೇನೆ, ನಮ್ಮ ಅಂಗಳದ ತುಂಬ ಹೆಂಗಸರು! ಎಲ್ಲರೂ ಹೊಸ ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಆರತಿ ತಟ್ಟೆ ಹಿಡಿದಿದ್ದಾರೆ. ನಡುವೆ ಬೋರಲು ಹಾಕಿದ ಕೊಡ. ಕೊಡದ ಮೇಲೆ ನನ್ನ ಕೆಂಪುಕಲ್ಲಿನ ತಟ್ಟೆ. ತಟ್ಟೆಯಲ್ಲಿ ಅರಿಷಿಣ ಕುಂಕುಮ ಬಳಿದುಕೊಂಡು ನನ್ನ ಬೋನ್ಸಾಯ್! ಅದಕ್ಕೆ ನೂಲು ಸುತ್ತುತ್ತ ಹೆಂಗಸರು ಒಬ್ಬರ ಹಿಂದೊಬ್ಬರು ಪ್ರದಕ್ಷಿಣೆ ಹಾಕುತ್ತಿದ್ದಾರೆ.

ಕಾರಹುಣ್ಣಿಮೆಗೆ ಗಂಡಸರು ಎತ್ತು ಸಿಂಗರಿಸಿದರೆ ನಮ್ಮ ಓಣಿಯ ಹೆಂಗಸರು ಆಲದ ಮರಕ್ಕೆ ದಾರ ಸುತ್ತಿ ಗಂಡನ ಆಯುಷ್ಯ ಬೇಡುತ್ತಾರೆ. ದಾರವೂ ಅಂಗಡಿಯದಲ್ಲ. ಅವರವರ ಮಗ್ಗದಲ್ಲಿ ಉಳಿದ ಹಾಸಿನ ನೂಲು. ಊರಹೊರಗಿನ ದೊಡ್ಡ ಆಲದ ಸುತ್ತ ಗಟಾರಕ್ಕೆಂದು ತೆಗ್ಗು ತೋಡಿದ್ದರಂತೆ. ಸುತ್ತು ಹಾಕಲು ಹೋದರೆ ಆಯುಷ್ಯ ಬೇಡುವವರೇ ತೆಗ್ಗಿಗೆ ಬೀಳುವ ಪರಿಸ್ಥಿತಿ. ಎಲ್ಲರೂ ಮರಳಿ ಬರುವಾಗ ಅವ್ವ ಹೇಳಿದಳಂತೆ, "ಬರ್ರೆವಾ, ನಮ್ಮನ್ಯಾಗ ಒಂದು ಆಲ ಐತಿ!"

"ಅವ್ವಾ, ಇದೇನಬೇ!" ಅಂತ ಕೂಗಿದೆ.

"ಬಾಯಿ ಮುಚ್ಚು. ಪೂಜಿ ನಡದೈತಿ."

"ಇದು ಆಲ ಅಲ್ಲಬೇ, ಫೈಕಸ್!"

ಎದುರುಮನೆಯ ಆಯಿ, ಓಣಿಗೆಲ್ಲ ಹಿರಿಯಳು, ಒಂದು ಎಲೆ ಚಿವುಟಿ ನನ್ನ ಮೂಗಿನ ಮುಂದೆ ಹಿಡಿದಳು. "ಹಾಲು ಬಂತಿಲ್ಲ? ಕೆಳಗ ಬಿಳಲು ಐತಿಲ್ಲ? ಮೊಮ್ಮಗ ಸಣ್ಣಾಂವ ಇದ್ದರ ಮನೆತನ ಬ್ಯಾರೆ ಆಗತೈತೇನೋ? ಸರಿ ಆಕಡೆ."

ನಾನು ಮುರಿದ ಟೊಂಗೆಯತ್ತ ನೋಡಿದೆ. ನನ್ನ ಊರುಗೋಲು ಎಲ್ಲೋ ಬಿದ್ದಿತ್ತು. ಕೆಂಪು, ಹಸಿರು, ಕಪ್ಪು, ಎಲ್ಲ ಬಣ್ಣದ ನೂಲೂ ಸೀಳಿನ ಮೇಲೆ ಬಿಗಿಯಾಗಿ ಸುತ್ತಿಕೊಂಡಿತ್ತು. ಮರ ಹೋಗಿ ನೂಲಿನ ಉಂಡೆಗೆ ಎಲೆ ಬಂದ ಹಾಗೆ ಕಾಣುತ್ತಿತ್ತು.

ಆಗಲೇ ಗೇಟಿನಲ್ಲಿ ಕಾರು ನಿಂತಿತು. ಬಾದಾಮಿಯ ಯಜಮಾನರು ಇಳಿದರು, ಹಿಂದೆ ಅವರ ಹೆಂಡತಿ, ಅಕ್ಕಾರು.

"ಏನಪಾ ಇದು, ನರ್ಸರಿನೋ ಗುಡಿನೋ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕಾರು ಗಂಡನ ಕಡೆ ತಿರುಗಿದರು. "ನೋಡ್ರಿ! ದಾರ್ಯಾಗ ಆಲದ ಗಿಡ ಕಂಡ್ರ ಗಾಡಿ ನಿಂದ್ರಸ್ರಿ ಅಂತ ಬಡಕೊಂಡ್ನಿ. ನಿಂದ್ರಿಸಲಿಲ್ಲ. ನಿಮ್ಮ ಆಯುಷ್ಯದ ಚಿಂತಿ ನನಗ ಐತಿ, ನಿಮಗ ಇಲ್ಲ."

ಅವ್ವ ಅವರ ಕೈಗೂ ಒಂದು ನೂಲಿನ ಲಡಿ ಕೊಟ್ಟಳು. ಅಕ್ಕಾರು ಸೆರಗು ಸಿಕ್ಕಿಸಿ ಸುತ್ತು ಹಾಕತೊಡಗಿದರು. ನನ್ನ ಬೇಲಿ ಒಂದು ಕಡೆ ಅರ್ಧಚಂದ್ರದ ಹಾಗೆ ಬಳುಕಿದೆಯಲ್ಲ, ಆಡು ಮೂಲಂಗಿ ಸೊಪ್ಪಿಗೆ ಹೋದ ಜಾಗ, ಆ ಬಳುಕಿನೊಳಗೇ ಕೊಡವಿತ್ತು. ಪ್ರದಕ್ಷಿಣೆಗೆ ಅಳತೆ ಹಿಡಿದು ಮಾಡಿಸಿದಂತೆ ಹೊಂದಿತ್ತು.

ಯಜಮಾನರು ಮಾತ್ರ ಗಿಡವನ್ನೇ ನೋಡುತ್ತಿದ್ದರು. ಹತ್ತಿರ ಹೋಗಿ ನೂಲನ್ನು ಬೆರಳಿನಿಂದ ಸರಿಸಲು ನೋಡಿದರು. ಆಯಿ ಅವರ ಕೈಗೆ ಪಟ್ಟನೆ ಹೊಡೆದಳು. "ಸುತ್ತಿದ ದಾರ ಬಿಚ್ಚಬಾರ್ದು!"

"ಅಲ್ಲವಾ, ಈ ಟೊಂಗಿ ಎಲಿ ಬಾಡ್ಯಾವು. ಇದು ಮುರದೈತೇನೋ ತಮ್ಮಾ?"

ಇಡೀ ಅಂಗಳ ನನ್ನ ಕಡೆ ತಿರುಗಿತು. ಬಾಗಿಲಲ್ಲಿ ಅಣ್ಣ ನಿಂತಿದ್ದ. ಗಾಳಿಗೆ ಮುರಿಯಿತು ಅನ್ನಬೇಕು, ಆಡು ಮುರಿಯಿತು ಅನ್ನಬೇಕು ಎಂದು ಸುಳ್ಳುಗಳು ಸಾಲಾಗಿ ನಾಲಿಗೆಗೆ ಬಂದವು. ನನ್ನ ಸಾಲು ಯಾವತ್ತು ನೆಟ್ಟಗಿತ್ತು ಹೇಳಿ, ಒಂದಕ್ಕೊಂದು ಡಿಕ್ಕಿ ಹೊಡೆದು ಬಿದ್ದವು.

"ಹೌದ್ರಿ. ನಿನ್ನೆ ಚಂದ ಮಾಡಾಕ ಹೋಗಿ ನಾನ ಮುರದೀನ್ರಿ."

ಯಜಮಾನರು ಬಾಡಿದ ಎಲೆಯೊಂದನ್ನು ಮುಟ್ಟಿ ನೋಡಿದರು. "ಸಸಿ ತಂದು ಯಾರ್ ಬೇಕಾದ್ರೂ ಹಚ್ತಾರ. ನನಗ ಉಳಿಸ್ಕೊಳ್ಳೂ ಮನಿಷ್ಯಾ ಬೇಕು. ಈ ಟೊಂಗಿ ಬದುಕಿದ್ರ ಗಿಡ ತಗೊಂಡು ಬಾದಾಮಿಗೆ ಬಾ, ಕೆಲಸ ನಿಂದು. ಒಣಗಿದ್ರ ಬರಬ್ಯಾಡ."

"ಅಲ್ಲೀತನಾ ನಾನೂ ತಡೀತೇನ್ರಿ," ಅಂದ ಅಣ್ಣ, ನನಗಿಂತ ಮೊದಲು. ಒಣಗುವುದು ಅವನಿಗೆ ಖಾತ್ರಿಯಿತ್ತು.

ಆಮೇಲಿನ ದಿನಗಳಲ್ಲಿ ನನ್ನ ಉದ್ಯೋಗ ಒಂದೇ, ಟೊಂಗೆ ನೋಡುವುದು. ಹಲ್ಲುಜ್ಜುತ್ತ ನೋಡಿದೆ, ರೊಟ್ಟಿ ತಿನ್ನುತ್ತ ನೋಡಿದೆ. ಎಲೆಗಳು ಒಂದೊಂದಾಗಿ ಉದುರಿ ಟೊಂಗೆ ಬೋಳಾಯಿತು. ಅಣ್ಣ ಪ್ರತಿ ಸಂಜೆ ಗೂಡ್ಸ್ ಗಾಡಿಯನ್ನು ಬೇಲಿಗೆ ಇಷ್ಟಿಷ್ಟೇ ಹತ್ತಿರ ನಿಲ್ಲಿಸತೊಡಗಿದ. ಒಂದು ದಿನ ಗಾಡಿಯ ಕನ್ನಡಿ ನನ್ನ ಬೇಲಿಯ ತಲೆ ಸವರಿತು.

"ಬ್ರೇಕ್ ಸರಿ ಇಲ್ಲೋ," ಅಂದ ನಗುತ್ತ.

ನೂಲು ಬಿಚ್ಚಿ ನೋಡಲು ಕೈ ತುರಿಸುತ್ತಿತ್ತು. ಅವ್ವ ಮಗ್ಗದಿಂದಲೇ ಗದರಿಸುತ್ತಿದ್ದಳು: "ಮುಟ್ಟೀಯಂದ್ರ ನೋಡು!" ಮುಂಗಾರಿನ ಜಿಟಿಜಿಟಿ ಹಿಡಿಯಿತು. ಒದ್ದೆಯಾದ ನೂಲು ಇನ್ನೂ ಬಿಗಿದು ಸೀಳಿನ ಎರಡೂ ತುಟಿ ಕೂಡಿಸಿಟ್ಟಿತು. ಮಳೆಗೆ ಬಣ್ಣ ಬಿಟ್ಟು ಕೆಂಪುಕಲ್ಲಿನ ಮೇಲೆ ಓಕುಳಿ ಹರಿಯಿತು. ನಾನು ಟೊಂಗೆಯ ಕೂಡ ಮಾತಾಡಲು ಶುರು ಮಾಡಿದೆ. ದೋಸ್ತ ಬಂದು ಕೇಳಿಸಿಕೊಂಡು, ಕೈ ಹಿಡಿದು ಚಹಾ ಕುಡಿಸಲು ಕರೆದೊಯ್ದ.

ಒಂದು ಬೆಳಿಗ್ಗೆ ಬೋಳು ಟೊಂಗೆಯ ತುದಿಯಲ್ಲಿ ಸೂಜಿಯ ಮೊನೆಯಷ್ಟು ಏನೋ ಕಂಡಿತು. ಕಣ್ಣುಜ್ಜಿ ನೋಡಿದೆ. ತಿಳಿಹಸಿರು! ಸುರುಳಿ ಸುತ್ತಿದ ಕುಡಿ! ನಾನು ಎಂಥ ಕೂಗು ಹಾಕಿದೆನೆಂದರೆ ಅವ್ವ ಮಗ್ಗ ಬಿಟ್ಟು ಬಡಿಗೆ ಹಿಡಿದು ಓಡಿ ಬಂದಳು.

"ಎಲ್ಲಿ ಐತ್ಯೋ ಹಾವು?"

"ಹಾವಲ್ಲಬೇ, ಚಿಗುರು! ಚಿಗುರು ಬಂದೈತಬೇ!"

ಅವಳು ಬಡಿಗೆ ಎಸೆದು ಬಗ್ಗಿ ನೋಡಿದಳು. ಎದುರುಮನೆಯ ಆಯಿ ಬಂದಳು, ಓಣಿ ಬಂತು. ಅಣ್ಣನೂ ಬಂದ. ಹತ್ತಿರ ಹೋಗಿ, ದೂರ ಸರಿದು, ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಗಾಡಿಯನ್ನು ಹಿಂದಕ್ಕೆ ತೆಗೆದ.

ಆ ಚಿಗುರು ಬಿಚ್ಚಿ ದುಂಡನೆಯ ಎಲೆಯಾಗುವವರೆಗೆ ಹೇಗೋ ತಡೆದುಕೊಂಡು ಬಾದಾಮಿಯ ಬಸ್ಸು ಹತ್ತಿದೆ. ತೊಡೆಯ ಮೇಲೆ ಗ್ರಾನೈಟ್ ತಟ್ಟೆ. ಅಮೀನಗಡ ದಾಟುವಷ್ಟರಲ್ಲಿ ತೊಡೆಗಳು ನನ್ನವೆಂಬ ನಂಬಿಕೆ ಹೋಯಿತು. ಕಂಡಕ್ಟರ್ ಬಂದು ಗಿಡಕ್ಕೂ ಟಿಕೆಟ್ ತೆಗೆಸಬೇಕು ಅಂದ. ಹಿಂದಿನ ಸೀಟಿನ ಹೆಣ್ಣುಮಗಳು ನೂಲು ಕುಂಕುಮ ನೋಡಿ ಅವನನ್ನು ತರಾಟೆಗೆ ತೆಗೆದುಕೊಂಡಳು: "ದೇವರಿಗೆ ಟಿಕೆಟ್ ಕೇಳ್ತಿಯೇನೋ?" ಕಂಡಕ್ಟರ್ ಗಿಡಕ್ಕೆ ಕೈಮುಗಿದು, ನನಗೆ ಮಾತ್ರ ಹರಿದುಕೊಟ್ಟ.

ಲಾಡ್ಜಿನಲ್ಲಿ ಯಜಮಾನರು ಕನ್ನಡಕ ಹಾಕಿಕೊಂಡು ಎಲೆ ನೋಡಿದರು. ಟೊಂಗೆಯನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿ ನೋಡಿದರು. ಟೊಂಗೆ ಅಲುಗಲಿಲ್ಲ.

"ಕೂಡೇತಲ್ಲೋ!" ಅಂದರು.

"ಕೂಡೇತ್ರಿ!" ಅಂದೆ. ನನ್ನ ದನಿ ಕೀರಲಾಗಿ ಹೊರಬಂದು ನನಗೇ ಗಾಬರಿಯಾಯಿತು.

"ನಾಳಿಂದ ಕೆಲಸ ಹಿಡಿ. ಗಿಡ ಇಲ್ಲೇ ಇಟ್ಟು ಹೋಗು."

"ಪೂಜಿ ಮಾಡಿದ್ದು ಕೊಡಂಗಿಲ್ಲ ಅಂತ ಅವ್ವ ಹೇಳ್ಯಾಳ್ರಿ. ನಿಮಗ ಬ್ಯಾರೆ ಮಾಡಿಕೊಡ್ತೇನ್ರಿ. ತಂತಿ ಮುಟ್ಟಂಗಿಲ್ರಿ."

ಅವರು ನಕ್ಕರು. ನಾನು ಚೀಲದಿಂದ ಹಗ್ಗ ತೆಗೆದೆ, ಗೂಟವನ್ನೂ ತೆಗೆದೆ. ಈ ಸಲ ಎರಡೂ ತುದಿಗೆ ಕಬ್ಬಿಣದ ಗೂಟ! ಲಾಡ್ಜ್ ಮುಂದಿನ ಜಾಗದಲ್ಲಿ ಹಗ್ಗ ಬಿಗಿದು, ಒಂದು ಕಣ್ಣು ಮುಚ್ಚಿ ನೋಡಿದೆ. ಬಾಣ! ಹುಟ್ಟಿದಾಗಿನಿಂದ ನಾನು ಎಳೆದ ಮೊದಲ ನೆಟ್ಟಗಿನ ಗೆರೆ! ಯಜಮಾನರನ್ನು, ಅಕ್ಕಾರನ್ನು, ರೂಮ್ ಹುಡುಕಿ ಬಂದ ಪ್ರವಾಸಿಗಳನ್ನು, ಎಲ್ಲರನ್ನೂ ಕರೆದು ತೋರಿಸಿದೆ.

ಅಕ್ಕಾರು ಹಗ್ಗ ನೋಡಿ ಮುಖ ಗಂಟಿಕ್ಕಿದರು.

"ಇದೇನೋ ತಮ್ಮಾ, ಜೈಲಿನ ಗ್ವಾಡಿ ಹಂಗ! ನಿಮ್ಮ ಮನಿ ಮುಂದ ಇತ್ತಲ್ಲ, ಬಳುಕಿ ಬಳುಕಿ, ನಡುವ ಅರ್ಧಚಂದ್ರ? ಅದರಾಗ ಒಂದೆರಡು ಕುರ್ಚಿ ಹಾಕಿದ್ರ ಬಂದವ್ರು ಕುಂತು ಚಾ ಕುಡೀತಾರ. ನನಗ ಅಂಥಾದ್ದ ಬೇಕು. ಬರೋಬ್ಬರಿ ಅಂಥಾದ್ದ."

ಗೂಟ ಕಿತ್ತು ಹಾಕಿ ಕೈಯಿಂದಲೇ ಬಳುಕು ಎಳೆಯಲು ನೋಡಿದೆ. ನನ್ನ ಹಣೆಬರಹ ನೋಡಿ, ಈಗ ಬೇಕೆಂದರೂ ಡೊಂಕು ಬರುತ್ತಿಲ್ಲ! ಸುಣ್ಣದ ಪುಡಿ ಹಾಕಿ ನಡೆದೆ, ನೆಟ್ಟಗೆ. ಹಿಮ್ಮುಖವಾಗಿ ನಡೆದೆ, ಇನ್ನೂ ನೆಟ್ಟಗೆ. ಕಣ್ಣು ಮುಚ್ಚಿ ನಡೆದು ಯಜಮಾನರ ಕಾರಿಗೆ ಮೊಣಕಾಲು ಬಡಿಸಿಕೊಂಡೆ. ಕಣ್ಣು ತೆರೆದು ನೋಡಿದರೆ ಗೇಟಿನಿಂದ ಕಾರಿನವರೆಗೆ ಸ್ಕೇಲ್ ಇಟ್ಟು ಎಳೆದಂಥ ಗೆರೆ.

ಅಣ್ಣನಿಗೆ ಫೋನ್ ಹಚ್ಚಿದೆ.

"ಕೆಲಸ ಸಿಕ್ತೋ ಅಣ್ಣಾ! ಅಂಗಳ ನಂದು! ನಾಳೆ ನಿನ್ನ ಗಾಡ್ಯಾಗ ಬಾಗಲಕೋಟಿಯಿಂದ ಸಸಿ ಹಾಕ್ಕೊಂಡು ಬಾದಾಮಿಗೆ ಬಾ."

ಆ ಕಡೆ ಗಾಡಿಯ ಎಂಜಿನ್ ಆರಿತು. ಆಮೇಲೆ, "ಬರ್ತೇನಿ ಬಿಡಲೇ. ಬಾಡಿಗಿ ಬ್ಯಾಡ, ಹೊಟ್ಟಿತುಂಬ ಊಟ ಹಾಕ್ಸು. ಮತ್ತೇನರ ತರೂದೈತೇನು?"

"ಐತಿ. ಮೊದಲ ಮನಿಗೆ ಹೋಗಿ ಆಡು ಹಾಕ್ಕೊಂಡು ಬಾ."

"ಆಡ್ಯಾಕ್ಲೇ?"

"ಇಲ್ಲಿ ಬೇಲಿ ಲೈನ್ ಆಡಿನ ಕಡಿಂದನ ಹಾಕಸಬೇಕಂತೋ. ಹಂಗ ಒಂದು ಸಿವುಡು ಮೂಲಂಗಿ ಸೊಪ್ಪೂ ತಾ."